ಕೊಟ್ಟಿಗೆಯ ಹಿಂದೊಂದು ಹೊಟ್ಟೆ

ಆಟಿ ತಿಂಗಳ ಮಳೆಯಲ್ಲಿ ಸಂಪಾಜೆಯ ಕಡೆ ಒಣ ಸೌದೆ ಎಂಬುದು ಅಪರೂಪದ ವಸ್ತು. ಅಟ್ಟದ ಮೇಲಿಟ್ಟ ಸೌದೆಯೂ ತೇವ ಹೀರಿ, ಒಲೆಯಲ್ಲಿ ಉರಿಗಿಂತ ಹೊಗೆಯೇ ಹೆಚ್ಚು. 2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮದೆನಾಡಿನ ಗುಡ್ಡಗಳು ಕುಸಿದು ಮಡಿಕೇರಿಯ ರಸ್ತೆಯೇ ಕಡಿದುಹೋಯಿತು. ದೂರದಿಂದ ಬರಬೇಕಾದ ಇಂಧನವನ್ನೇ ನಂಬಿ ಕೂರುವುದು ಎಷ್ಟು ಸರಿ ಎಂಬ ಪ್ರಶ್ನೆಯನ್ನು ಘಟ್ಟದ ಬುಡದ ರೈತರು ಅಂಥ ದಿನಗಳಲ್ಲಿ ಕೇಳಿಕೊಳ್ಳಲೇಬೇಕಾಗುತ್ತದೆ.

ಇದಕ್ಕೆ ಉತ್ತರ ನಮ್ಮ ಕೊಟ್ಟಿಗೆಯಲ್ಲೇ ಮೆಲುಕು ಹಾಕುತ್ತ ನಿಂತಿದೆ. ಹಸುವಿನ ಜಠರದ ನಾಲ್ಕು ಭಾಗಗಳಲ್ಲಿ ಮೊದಲನೆಯದೇ ಎಲ್ಲಕ್ಕಿಂತ ದೊಡ್ಡದು. ಅಲ್ಲಿ ಗಾಳಿಯಿಲ್ಲ, ಬೆಳಕಿಲ್ಲ. ಶಾಖ ಸದಾ ಸುಮಾರು 39 ಡಿಗ್ರಿ ಸೆಲ್ಸಿಯಸ್. ನಾವು ತಿಂದರೆ ಜೀರ್ಣವಾಗದ ಹುಲ್ಲು, ಅಡಿಕೆ ಹಾಳೆಗಳನ್ನು ಅಲ್ಲಿಯ ಸೂಕ್ಷ್ಮಜೀವಿಗಳು ಒಡೆದು ಆಮ್ಲಗಳನ್ನಾಗಿ ಮಾಡುತ್ತವೆ. ಆ ಆಮ್ಲಗಳೇ ಹಸುವಿಗೆ ಆಹಾರ. ಜೊತೆಗೆ ಹುಟ್ಟುವ ಮೀಥೇನ್ ಅನಿಲ ತೇಗಿನ ಮೂಲಕ ಹೊರಬೀಳುತ್ತದೆ. ಈ ತೇಗನ್ನು ಹಿಡಿದು ಒಲೆಗೆ ತಂದರೆ ಅದೇ ಗೋಬರ್ ಗ್ಯಾಸ್.

ಕೊಳೆತ ಕೆಸರಿನಿಂದ ಏಳುವ ಗುಳ್ಳೆಗಳು ಉರಿಯುತ್ತವೆಂದು ಇಟಲಿಯ ವೋಲ್ಟಾ 1776ರಲ್ಲೇ ಸರೋವರದ ದಡದಲ್ಲಿ ಕಂಡುಕೊಂಡಿದ್ದ. ನಮ್ಮ ದೇಶದಲ್ಲಿ ಜಶಭಾಯಿ ಪಟೇಲರು ತೇಲುವ ಡ್ರಮ್ಮಿನ ಸ್ಥಾವರವನ್ನು ರೂಪಿಸಿದರು. ಖಾದಿ ಗ್ರಾಮೋದ್ಯೋಗ ಆಯೋಗ ಅದನ್ನು ಹಳ್ಳಿಗಳಿಗೆ ತಲುಪಿಸಿತು. ಕಬ್ಬಿಣದ ಡ್ರಮ್ಮಿಲ್ಲದ, ನೆಲದೊಳಗೆ ಗುಮ್ಮಟ ಕಟ್ಟುವ ದೀನಬಂಧು ಮಾದರಿ 1984ರಲ್ಲಿ ಬಂತು. ಕಬ್ಬಿಣ ಬೇಗ ತುಕ್ಕು ಹಿಡಿಯುವ ನಮ್ಮ ಮಳೆನಾಡಿಗೆ ಇದೇ ಮೇಲು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ 'ಅಸ್ತ್ರ' ತಂಡದವರಂತೂ ಕುಣಿಗಲ್ ತಾಲ್ಲೂಕಿನ ಪುರ ಗ್ರಾಮದಲ್ಲಿ ಊರಿನ ಸಗಣಿಯನ್ನೆಲ್ಲ ಒಂದೆಡೆ ಸೇರಿಸಿ, 1987ರಿಂದ ಕೆಲವು ವರ್ಷ ಅದರ ಅನಿಲದಿಂದ ವಿದ್ಯುತ್ ಮಾಡಿ ಮನೆಗಳಿಗೆ ದೀಪವನ್ನೂ ಕುಡಿಯುವ ನೀರನ್ನೂ ಒದಗಿಸಿದರು.

ಆದರೆ ಗುಂಡಿ ಹಸುವಿನ ಹೊಟ್ಟೆಯ ಪೂರ್ತಿ ನಕಲಲ್ಲ. ಹೊಟ್ಟೆಯಲ್ಲಿ ಹುಟ್ಟಿದ ಆಮ್ಲವನ್ನು ಹಸುವಿನ ರಕ್ತ ಹೀರಿಕೊಳ್ಳುತ್ತದೆ, ಗುಂಡಿಯಲ್ಲಿ ಹೀರುವವರಿಲ್ಲ. ಆಮ್ಲವನ್ನೂ ಮೀಥೇನ್ ಮಾಡುವ ಬೇರೆ ಸೂಕ್ಷ್ಮಜೀವಿಗಳು ಅಲ್ಲಿ ಬೆಳೆಯಬೇಕು. ಅವು ಬಹಳ ನಿಧಾನಿಗಳು. ಹಸುವಿನಲ್ಲಿ ಒಂದೆರಡು ದಿನದಲ್ಲಿ ಮುಗಿಯುವ ಕೆಲಸಕ್ಕೆ ಗುಂಡಿಯಲ್ಲಿ ಸುಮಾರು 40 ದಿನ ಬೇಕಾಗುವುದು ಇದರಿಂದಲೇ. ಮಳೆಗಾಲದಲ್ಲಿ, ಧನು ಮಾಸದ ಚಳಿಯಲ್ಲಿ ಗ್ಯಾಸ್ ಕಡಿಮೆಯಾಯಿತೆಂದು ಬಹಳ ಮಂದಿ ದೂರುತ್ತಾರೆ. ಅದು ಗುಂಡಿಯ ತಪ್ಪಲ್ಲ. ಹಸುವಿಗೆ ಮೈಶಾಖವಿದೆ, ಗುಂಡಿಗೆ ನಾವೇ ಕೊಡಬೇಕು. ಅಡಿಕೆ ಮರದ ನೆರಳಿನಲ್ಲಿ ಗುಂಡಿ ತೋಡದೆ ಬಿಸಿಲು ಬೀಳುವ ಕಡೆ ತೋಡಬೇಕು. ಗುಮ್ಮಟದ ಸುತ್ತ ಸೊಪ್ಪು ಸಗಣಿಯ ಗೊಬ್ಬರದ ರಾಶಿ ಹಾಕಿದರೆ ಅದು ಕೊಳೆಯುವಾಗಿನ ಬಿಸಿ ಸ್ವಲ್ಪ ಒಳಗೂ ಇಳಿಯುತ್ತದೆ. ಮಳೆನೀರು ಮಾತ್ರ ಒಳಸೇರಕೂಡದು.

ಮದುವೆ ಮನೆಯ ಉಳಿದ ಅನ್ನವನ್ನು ಒಂದೇ ಸಲ ತಿಂದ ಹಸುವಿನ ಹೊಟ್ಟೆ ಉಬ್ಬರಿಸುವುದನ್ನು ಎಲ್ಲರೂ ಕಂಡಿದ್ದೀರಿ. ಗುಂಡಿಗೂ ಅದೇ ಗತಿ. ಒಂದೇ ದಿನ ಬುಟ್ಟಿಗಟ್ಟಲೆ ಅನ್ನ, ಹಣ್ಣಿನ ಸಿಪ್ಪೆ ಸುರಿದರೆ ಒಳಗೆ ಹುಳಿಯಾಗಿ ಮೀಥೇನ್ ಜೀವಿಗಳು ಸುಮ್ಮನಾಗುತ್ತವೆ. ಆಗ ಕೆಲವು ದಿನ ಏನೂ ಹಾಕದೆ ಬಿಟ್ಟು, ಸ್ವಲ್ಪ ಸುಣ್ಣದ ತಿಳಿನೀರು ಬೆರೆಸಿ ಸುಧಾರಿಸಬಹುದು. ಹಸುವಿಗಾದರೆ ಜೊಲ್ಲಿನಲ್ಲಿರುವ ಸೋಡಾದ ಗುಣವೇ ಈ ಕೆಲಸ ಮಾಡುತ್ತದೆ. ಫಿನಾಯಿಲ್ ಹಾಕಿ ತೊಳೆದ ನೀರು, ಪ್ರತಿಜೈವಿಕ ಔಷಧ ಕೊಟ್ಟ ಹಸುವಿನ ಸಗಣಿ ಗುಂಡಿಗೆ ಬೇಡ.

ಗಾತ್ರದ ವಿಷಯದಲ್ಲಿ ದೊಡ್ಡಸ್ತಿಕೆ ಸಲ್ಲದು. ಒಂದು ಕಿಲೋ ಹಸಿ ಸಗಣಿಯಿಂದ ಸುಮಾರು 40 ಲೀಟರ್ ಅನಿಲ ಸಿಗುತ್ತದೆ. ಐದಾರು ಜನರ ಅಡಿಗೆಗೆ ಸಾಕಾಗುವ 2 ಘನ ಮೀಟರ್ ಸ್ಥಾವರಕ್ಕೆ ದಿನಕ್ಕೆ 50 ಕಿಲೋ ಸಗಣಿ, ಅಷ್ಟೇ ನೀರು ಬೇಕು. ನಾಲ್ಕೈದು ಮಿಶ್ರತಳಿ ಹಸುಗಳಿದ್ದವರಿಗೆ ಇದು ಕಷ್ಟವಲ್ಲ. ಹಗಲೆಲ್ಲ ಗುಡ್ಡದಲ್ಲಿ ಮೇಯುವ ಎರಡು ಮಲೆನಾಡು ಗಿಡ್ಡ ಸಾಕಿದವರು ಇಷ್ಟು ದೊಡ್ಡ ಗುಂಡಿ ಕಟ್ಟಿಸಿದರೆ ಅದು ಹಸಿದುಕೊಂಡೇ ಇರುತ್ತದೆ. ಅಂಥವರು 1 ಘನ ಮೀಟರಿನದನ್ನೂ ಸಗಣಿ ತೂಗಿ ನೋಡಿದ ಮೇಲೆಯೇ ಕಟ್ಟಿಸಲಿ.

ಹೊರಬರುವ ಸ್ಲರಿಯಲ್ಲಿ ಸಗಣಿಯ ಸಾರಜನಕ ಹೆಚ್ಚು ಕಡಿಮೆ ಹಾಗೆಯೇ ಉಳಿದಿರುತ್ತದೆ. ಬೆರಣಿ ತಟ್ಟಿ ಸುಟ್ಟರೆ ಅದೂ ಇಲ್ಲ. ಹಳದಿ ಎಲೆ ರೋಗದಿಂದ ಅಡಿಕೆಯ ಆದಾಯ ಕುಸಿದಿರುವ ಸಂಪಾಜೆಯ ತೋಟಗಳಲ್ಲಿ ಗೊಬ್ಬರದ ಖರ್ಚು ಉಳಿದರೂ ಅದು ಸಣ್ಣ ಮಾತಲ್ಲ. ಆದರೆ ಸ್ಲರಿ ರೋಗಕ್ಕೆ ಮದ್ದೆಂದು ಯಾರಾದರೂ ಹೇಳಿದರೆ ನಂಬಬೇಡಿ.

ಹಸುವನ್ನಷ್ಟೇ ಅಲ್ಲ, ಎಲೆಯನ್ನೂ ಅನುಕರಿಸುವ ಯತ್ನ ನಡೆದಿದೆ. ಬಿಸಿಲಿನಿಂದ ನೀರನ್ನು ಒಡೆಯಬಹುದೆಂದು 1972ರಲ್ಲಿ ಜಪಾನಿನ ಫುಜಿಶಿಮಾ ಮತ್ತು ಹೊಂಡಾ ತೋರಿಸಿದರು; ಬೆಂಗಳೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಸಿ.ಎನ್.ಆರ್. ರಾವ್ ಅವರ ತಂಡವೂ ಈ ದಿಕ್ಕಿನಲ್ಲಿ ದುಡಿದಿದೆ. ಅದು ನಮ್ಮ ಅಂಗಳಕ್ಕೆ ಬರುವುದು ಇನ್ನೂ ದೂರದ ಮಾತು. ಗುಂಡಿಯೋ, ಇಂದೇ ತೋಡಬಹುದಾದದ್ದು.

ಒಂದು ಎಚ್ಚರಿಕೆ. ಸ್ವಚ್ಛ ಮಾಡಲೆಂದು ಗುಂಡಿಯೊಳಗೆ ಯಾರೂ ಇಳಿಯಕೂಡದು. ಬರಿದಾದಂತೆ ಕಂಡರೂ ಒಳಗೆ ವಿಷಾನಿಲವಿರುತ್ತದೆ, ಉಸಿರಾಡಲು ಗಾಳಿ ಇರುವುದಿಲ್ಲ. ಒಬ್ಬರು ಬಿದ್ದರೆಂದು ಇನ್ನೊಬ್ಬರು ಹಾರಿ, ಇಬ್ಬರೂ ತೀರಿಕೊಂಡ ಪ್ರಸಂಗಗಳಿವೆ. ಗಟ್ಟಿಯಾದ ಕೆನೆಯನ್ನು ಹೊರಗೆ ನಿಂತು ಉದ್ದನೆಯ ಬಿದಿರಿನಿಂದಲೇ ಕದಡಬೇಕು, ಆಗ ಬೀಡಿ ಹಚ್ಚಬಾರದು.