ಕ್ಷ-ಕಿರಣ ಚಿತ್ರವನ್ನೋದುವ ಗಣಕಯಂತ್ರದ ಪರೀಕ್ಷೆ

ವೈದ್ಯರು ಕ್ಷ-ಕಿರಣದ ಫಿಲ್ಮನ್ನು ಬೆಳಕಿಗೆ ಹಿಡಿದು ಎದೆಗೂಡಿನ ನೆರಳುಗಳನ್ನು ಅವಲೋಕಿಸುವ ದೃಶ್ಯವು ಈಗ ವಿರಳವಾಗುತ್ತಿದೆ. ಚಿತ್ರವು ಇಂದು ಸಂಖ್ಯೆಗಳ ರೂಪದಲ್ಲಿ ಗಣಕಯಂತ್ರದಲ್ಲಿ ನೆಲೆಸಿರುತ್ತದೆ. ಅದನ್ನು ಲಕ್ಷಾಂತರ ಸಣ್ಣ ಚೌಕಗಳಾಗಿ ವಿಭಾಗಿಸಿ, ಪ್ರತಿಯೊಂದು ಚೌಕದ ಕಪ್ಪು-ಬಿಳುಪಿನ ಪ್ರಮಾಣವನ್ನು ಒಂದು ಅಂಕಿಯಿಂದ ಸೂಚಿಸುವುದೇ ಇದರ ಗುಟ್ಟು. ಅಂಕಿಯಾದುದನ್ನು ಲೆಕ್ಕಕ್ಕೆ ಒಳಪಡಿಸಬಹುದಷ್ಟೆ! ಆದುದರಿಂದ ಈ ಅಂಕಿಗಳನ್ನು ಪರಿಶೀಲಿಸಿ 'ಇಲ್ಲಿ ರೋಗದ ಗುರುತುಂಟು' ಎಂದು ತೋರಿಸಿಕೊಡುವ ತಂತ್ರಾಂಶಗಳು ಹುಟ್ಟಿಕೊಂಡಿವೆ. ಮಾರಾಟಗಾರನೊಬ್ಬನು ಆಸ್ಪತ್ರೆಗೆ ಬಂದು, ತನ್ನ ತಂತ್ರಾಂಶವು ನೂರಕ್ಕೆ ತೊಂಬತ್ತು ಪಾಲು ಸರಿಯೆಂದು ಹೇಳುತ್ತಾನೆಂದು ಭಾವಿಸೋಣ. ಆಸ್ಪತ್ರೆಯು ಅದನ್ನು ಕೊಳ್ಳಬೇಕೆ?

ಮೊದಲು ಈ ತೊಂಬತ್ತರ ಅರ್ಥವನ್ನು ನೋಡೋಣ. ವಾಚಕರು ಪೆನ್ಸಿಲು ಹಿಡಿದು ನಮ್ಮೊಡನೆ ಲೆಕ್ಕಮಾಡಲಿ. ಒಂದು ಊರಿನ 1000 ಜನರ ಎದೆಯ ಚಿತ್ರಗಳನ್ನು ತೆಗೆದಿದ್ದೇವೆ. ಅವರಲ್ಲಿ ಕ್ಷಯರೋಗವುಳ್ಳವರು 10 ಮಂದಿ. ತಂತ್ರಾಂಶವು ರೋಗಿಗಳಲ್ಲಿ ನೂರಕ್ಕೆ 90 ಮಂದಿಯನ್ನು ಗುರುತಿಸುತ್ತದೆ. ರೋಗವಿಲ್ಲದವರಲ್ಲಿಯೂ ನೂರಕ್ಕೆ 90 ಮಂದಿಯನ್ನು ಸರಿಯಾಗಿಯೇ ಬಿಟ್ಟುಬಿಡುತ್ತದೆ. ಹಾಗಾದರೆ 10 ರೋಗಿಗಳಲ್ಲಿ 9 ಮಂದಿ ಸಿಕ್ಕುವರು. ಆದರೆ ಉಳಿದ 990 ಮಂದಿಯಲ್ಲಿ 99 ಜನರ ಮೇಲೂ ರೋಗದ ಆರೋಪ ಬೀಳುವುದು! ಗುರುತಿಸಲ್ಪಟ್ಟ 108 ಮಂದಿಯಲ್ಲಿ ನಿಜವಾದ ರೋಗಿಗಳು ಹನ್ನೆರಡಕ್ಕೊಬ್ಬರು ಮಾತ್ರ. ಇದೇ ತಂತ್ರಾಂಶವನ್ನು 1000ಕ್ಕೆ 300 ರೋಗಿಗಳಿರುವ ಕ್ಷಯ ಚಿಕಿತ್ಸಾಲಯದಲ್ಲಿಟ್ಟರೆ, ಗುರುತಾದ 340 ಮಂದಿಯಲ್ಲಿ 270 ಮಂದಿ ನಿಜವಾದ ರೋಗಿಗಳೇ ಆಗಿರುತ್ತಾರೆ. ಯಂತ್ರ ಬದಲಾಗಲಿಲ್ಲ, ಅದರ ಮುಂದೆ ನಿಂತ ಜನ ಬದಲಾದರು.

ಇದು ಬರಿಯ ಕಾಗದದ ಲೆಕ್ಕವಲ್ಲ. ಸ್ತನದ ಕ್ಷ-ಕಿರಣ ಚಿತ್ರದಲ್ಲಿ ಕ್ಯಾನ್ಸರಿನ ಗುರುತನ್ನು ಹುಡುಕುವ ತಂತ್ರಾಂಶಕ್ಕೆ ಅಮೆರಿಕದಲ್ಲಿ 1998ರಲ್ಲಿ ಸರಕಾರದ ಮನ್ನಣೆ ದೊರೆಯಿತು. ಅನಂತರ 43 ಕೇಂದ್ರಗಳ 2,22,135 ಸ್ತ್ರೀಯರ ದಾಖಲೆಗಳನ್ನು ಪರಿಶೀಲಿಸಿ 2007ರಲ್ಲಿ ಪ್ರಕಟಿಸಿದ ವರದಿಯು ಬೇರೆಯೇ ಕಥೆ ಹೇಳಿತು. ತಂತ್ರಾಂಶವನ್ನು ಬಳಸಿದ ಕೇಂದ್ರಗಳಲ್ಲಿ, ರೋಗವಿಲ್ಲದವರನ್ನು ಸರಿಯಾಗಿ ಗುರುತಿಸುವ ಪ್ರಮಾಣವು ನೂರಕ್ಕೆ 90.2ರಿಂದ 87.2ಕ್ಕೆ ಇಳಿದಿದ್ದಿತು. ಸೂಜಿಯಿಂದಲೋ ಶಸ್ತ್ರದಿಂದಲೋ ಅಂಗಾಂಶವನ್ನು ತೆಗೆದು ನೋಡುವ ಪರೀಕ್ಷೆಗಳು ಸುಮಾರು ಐದನೆಯ ಒಂದು ಪಾಲಿನಷ್ಟು ಏರಿದ್ದುವು. ಕ್ಯಾನ್ಸರಿನ ಪತ್ತೆಯಾದರೋ ಖಚಿತವಾಗಿ ಹೆಚ್ಚಿತೆಂದು ಹೇಳುವಂತಿರಲಿಲ್ಲ. ರೋಗವಿಲ್ಲದ ಹೆಂಗಸೊಬ್ಬಳು ಫಲಿತಾಂಶಕ್ಕಾಗಿ ಕಾದು ಕಳೆಯುವ ರಾತ್ರಿಗಳು ಯಾವ ಕೋಷ್ಟಕದಲ್ಲಿಯೂ ಸೇರುವುದಿಲ್ಲ.

ಇದಕ್ಕಿಂತಲೂ ವಿಚಿತ್ರವಾದ ಸಂಗತಿ 2018ರಲ್ಲಿ ಬೆಳಕಿಗೆ ಬಂದಿತು. ನ್ಯೂಯಾರ್ಕಿನ ಮೌಂಟ್ ಸೈನಾಯ್ ಆಸ್ಪತ್ರೆ ಮತ್ತು ಅಮೆರಿಕದ ಇನ್ನೆರಡು ಸಂಸ್ಥೆಗಳ ಒಟ್ಟು 1,58,323 ಎದೆಯ ಚಿತ್ರಗಳನ್ನು ತೆಗೆದುಕೊಂಡು, ನ್ಯುಮೋನಿಯಾವನ್ನು ಗುರುತಿಸಲು ಗಣಕವನ್ನು ಪಳಗಿಸಿದರು. ತಾನು ಕಲಿತ ಆಸ್ಪತ್ರೆಯ ಚಿತ್ರಗಳಲ್ಲಿ ಅದು ಚೆನ್ನಾಗಿ ತೇರ್ಗಡೆಯಾಯಿತು. ಹೊರಗಿನ ಚಿತ್ರಗಳನ್ನು ಕೊಟ್ಟಾಗ ಐದು ಹೋಲಿಕೆಗಳಲ್ಲಿ ಮೂರರಲ್ಲಿ ಸ್ಪಷ್ಟವಾಗಿ ಹಿಂದೆ ಬಿದ್ದಿತು. ಕಾರಣವೇನು? ಮೌಂಟ್ ಸೈನಾಯ್ ಚಿತ್ರಗಳಲ್ಲಿ ನೂರಕ್ಕೆ 34 ನ್ಯುಮೋನಿಯಾದವು, ಇತರ ಕಡೆ ನೂರಕ್ಕೆ ಸುಮಾರು ಒಂದು. ಚಿತ್ರ ಯಾವ ಸಂಸ್ಥೆಯದೆಂಬುದನ್ನು ಗಣಕವು ನೂರಕ್ಕೆ 99.9ಕ್ಕೂ ಮಿಗಿಲಾಗಿ ಸರಿಯಾಗಿ ಹೇಳಬಲ್ಲುದಾಗಿತ್ತು! ಎಡ-ಬಲಗಳನ್ನು ತೋರಿಸಲು ತಂತ್ರಜ್ಞರು ಮೂಲೆಯಲ್ಲಿಡುವ ಲೋಹದ ಬಿಲ್ಲೆಯೂ ಅದಕ್ಕೆ ಸುಳಿವಾಗಿದ್ದಿತು. ಆಸ್ಪತ್ರೆಯನ್ನು ಅರಿತರೆ ರೋಗವನ್ನು ಅರ್ಧ ಊಹಿಸಿದಂತೆಯೇ. ಪ್ರಶ್ನೆಯನ್ನೋದದೆ, ಪತ್ರಿಕೆಯ ಬಣ್ಣವನ್ನು ನೋಡಿ ಉತ್ತರ ಬರೆಯುವ ಜಾಣನನ್ನು ನಮ್ಮ ವಿದ್ಯಾರ್ಥಿ ಮಿತ್ರರು ಕಂಡಿರಲೂಬಹುದು!

ಆದಕಾರಣ ಮಾರಾಟಗಾರನ ಕೋಷ್ಟಕವನ್ನು ಬದಿಗಿಟ್ಟು, ಆಸ್ಪತ್ರೆಯು ತನ್ನವೇ ಹಳೆಯ ಚಿತ್ರಗಳನ್ನು ಯಂತ್ರದ ಮುಂದಿಡಬೇಕು. ಅವು ತಂತ್ರಾಂಶವು ಎಂದೂ ಕಾಣದ ಚಿತ್ರಗಳಾಗಿರಬೇಕು. ರೋಗವಿತ್ತೇ ಇಲ್ಲವೇ ಎಂಬುದು ಕಫದ ಪರೀಕ್ಷೆಯಂತಹ ಬೇರೊಂದು ಮಾರ್ಗದಿಂದ ನಿಶ್ಚಯವಾಗಿರಬೇಕು. ಗಣಕದ ಉತ್ತರಪತ್ರಿಕೆಯನ್ನು ಗಣಕವೇ ತಿದ್ದಬಾರದಷ್ಟೆ. ಹಾಸಿಗೆಯ ಬಳಿಗೇ ಯಂತ್ರವನ್ನೊಯ್ದು ತೆಗೆದ ಮಸುಕು ಚಿತ್ರಗಳೂ, ಹಳೆಯ ಗಾಯದ ಕಲೆಯುಳ್ಳ ಶ್ವಾಸಕೋಶಗಳೂ ಅವುಗಳಲ್ಲಿ ಸೇರಿರಬೇಕು. ಬಳಿಕ ಕೆಲವು ತಿಂಗಳು ಯಂತ್ರವು ಮೌನವಾಗಿ ಜೊತೆಯಲ್ಲಿ ನಡೆಯಲಿ: ಅದರ ಅಭಿಪ್ರಾಯವು ದಾಖಲಾಗಲಿ, ಚಿಕಿತ್ಸೆಯನ್ನು ವೈದ್ಯರು ತಮ್ಮ ತೀರ್ಮಾನದಂತೆಯೇ ನಡೆಸಲಿ.

ಇನ್ನು ಗೆರೆಯ ಪ್ರಶ್ನೆ. ಇಂತಹ ಬಹುತೇಕ ತಂತ್ರಾಂಶಗಳು ಪ್ರತಿ ಚಿತ್ರಕ್ಕೂ ಒಂದು ಅಂಕವನ್ನು ಕೊಡುತ್ತವೆ. ಎಷ್ಟು ಅಂಕದ ಮೇಲೆ ರೋಗಶಂಕೆಯೆಂಬುದನ್ನು ಮನುಷ್ಯರು ನಿರ್ಣಯಿಸಬೇಕು. ಗೆರೆಯನ್ನು ಇಳಿಸಿದರೆ ಪ್ರಯೋಗಾಲಯದಲ್ಲಿ ಕಫದ ಸೀಸೆಗಳು ರಾಶಿ ಬೀಳುವುವು. ಏರಿಸಿದರೆ ಕ್ಷಯರೋಗಿಯೊಬ್ಬನು ಏನೂ ಇಲ್ಲವೆಂದು ಮನೆಗೆ ಹೋಗಿ ಮಕ್ಕಳೊಡನೆ ಮಲಗುವನು. ವಿಶ್ವ ಆರೋಗ್ಯ ಸಂಸ್ಥೆಯು 2021ರಲ್ಲಿ, 15 ವರ್ಷ ಮೀರಿದವರ ಕ್ಷಯ ತಪಾಸಣೆಗೆ ಇಂತಹ ತಂತ್ರಾಂಶವನ್ನು ಚಿತ್ರ ಓದುವ ವೈದ್ಯರ ಬದಲಿಗೆ ಬಳಸಬಹುದೆಂದು ಒಪ್ಪಿತು. ವೈದ್ಯರೇ ಇಲ್ಲದೆಡೆ ಇದು ದೊಡ್ಡ ನೆರವೇ ಸರಿ. ಆದರೆ ಗೆರೆಯನ್ನು ಎಲ್ಲಿ ಎಳೆಯಬೇಕೆಂಬುದನ್ನು ಆಯಾ ಸ್ಥಳದ ಜನರನ್ನೇ ಪರೀಕ್ಷಿಸಿ ಗೊತ್ತುಮಾಡಬೇಕು. ತಂತ್ರಾಂಶದ ಹೊಸ ಆವೃತ್ತಿ ಬಂದಾಗ ಹಳೆಯ ಗೆರೆ ಸಲ್ಲದೆ ಹೋಗಬಹುದಾದ್ದರಿಂದ, ಆ ಚಿತ್ರಗಳ ಕಟ್ಟನ್ನು ಮತ್ತೆ ಬಿಚ್ಚಬೇಕಾಗುತ್ತದೆ.