ಬಾರು ಹಾರಿದ ಮೇಲೂ ಉಳಿಯುವ ಗುಂಯ್

ಇಳಕಲ್ ಎಂದರೆ ಹೊರಗಿನವರಿಗೆ ಸೀರೆ. ಊರವರಿಗೆ ಸೀರೆಯ ಜೊತೆ ಕಲ್ಲೂ ಹೌದು. ಹುನಗುಂದ, ಇಳಕಲ್ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 50ರಲ್ಲಿ ಸರಪಳಿ ಬಿಗಿದುಕೊಂಡು ಸಾಗುವ ಕೆಂಪು ಗ್ರಾನೈಟ್ ಬ್ಲಾಕುಗಳು ಪಾಲಿಶ್ ಆಗಿ ದೂರದೂರದ ಮನೆಗಳ ನೆಲಹಾಸಾಗುತ್ತವೆ, ಅಡುಗೆಕಟ್ಟೆಯಾಗುತ್ತವೆ. ಅವು ಗುಡ್ಡದಿಂದ ಬಿಡಿಸಿಕೊಂಡಾಗ ಎದ್ದ ಸದ್ದು ಮಾತ್ರ ಲಾರಿ ಹತ್ತುವುದಿಲ್ಲ. ಅದು ಬಿಡಿಸಿದವರ ಕಿವಿಯೊಳಗೇ ಉಳಿಯುತ್ತದೆ.

ಸ್ಫೋಟದಿಂದ ಕಿವಿ ಕೆಟ್ಟಿತು ಎಂದರೆ ಮನಸ್ಸು ಮೊದಲು ಓಡುವುದು ಗಾಜಾಕ್ಕೆ, ಉಕ್ರೇನಿಗೆ. ಸಹಜವೇ. 2004ರ ಮಾರ್ಚ್ 11ರಂದು ಮ್ಯಾಡ್ರಿಡ್‌ನ ರೈಲುಗಳಲ್ಲಿ ಬಾಂಬ್ ಸಿಡಿದಾಗ, ಹತ್ತಿರದ ದೊಡ್ಡ ಆಸ್ಪತ್ರೆಯ ವೈದ್ಯರು ಸಾಕಷ್ಟು ಪೆಟ್ಟಾಗಿದ್ದ 243 ಗಾಯಾಳುಗಳ ದಾಖಲೆ ಇಟ್ಟರು. ಅವರಲ್ಲಿ ನೂರಕ್ಕೆ 41 ಜನರ ಕಿವಿತಮಟೆ ಹರಿದಿತ್ತು. ಅವರ್‍ಯಾರೂ ಸೈನಿಕರಲ್ಲ, ಬೆಳಗಿನ ರೈಲು ಹಿಡಿದವರು.

ಆದರೆ ಮದ್ದಿಗೆ ಯುದ್ಧ, ಶಾಂತಿ ಎಂಬ ಭೇದ ತಿಳಿಯದು. 2021ರ ಜನವರಿ 21ರ ರಾತ್ರಿ ಶಿವಮೊಗ್ಗದ ಹುಣಸೋಡು ಬಳಿ, ಕ್ವಾರಿಗೆಂದು ತಂದಿದ್ದ ಸ್ಫೋಟಕ ಸಿಡಿದು ಆರು ಜನ ಸತ್ತರು. ಪಕ್ಕದ ಜಿಲ್ಲೆಗಳವರೂ ಭೂಕಂಪವೆಂದು ಮನೆಯಿಂದ ಹೊರಗೆ ಓಡಿಬಂದರು. ಇನ್ನೂ ಆ ಸುದ್ದಿ ಆರಿರಲಿಲ್ಲ, ಫೆಬ್ರವರಿಯಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ಹಿರೇನಾಗವಲ್ಲಿಯಲ್ಲಿ ಜಿಲೆಟಿನ್ ಸಿಡಿದು ಮತ್ತೆ ಆರು ಜನ ಹೋದರು. ಇಂಥ ಸುದ್ದಿಯಲ್ಲಿ ಸತ್ತವರ ಸಂಖ್ಯೆ, ಬಿರುಕುಬಿಟ್ಟ ಗೋಡೆ, ಒಡೆದ ಕಿಟಕಿ ನಮಗೆ ನೆನಪಿರುತ್ತವೆ. ಬದುಕಿದವರ ಕಿವಿಯ ಬಗ್ಗೆ ಏನಾದರೂ ಓದಿದ ನೆನಪು ಎಷ್ಟು ಜನರಿಗಿದೆ?

ಸ್ಫೋಟವೆಂದರೆ ಬರೀ ಸದ್ದಲ್ಲ, ಗಾಳಿಯ ಗೋಡೆಯೊಂದು ಬಂದು ಬಡಿದಂತೆ. ಆ ಬಡಿತಕ್ಕೆ ದೇಹದಲ್ಲಿ ಮೊದಲು ಸೋಲುವುದೇ ಕಿವಿತಮಟೆ. ಅದರ ದಪ್ಪ ಮಿಲಿಮೀಟರಿನ ಹತ್ತನೇ ಒಂದು ಪಾಲು. ಗಾಳಿಯ ಒತ್ತಡ ಇದ್ದುದಕ್ಕಿಂತ ಮೂರನೇ ಒಂದರಷ್ಟು ದಿಢೀರನೆ ಏರಿದರೆ ಹರಿಯತೊಡಗುತ್ತದೆ. ಸಮಾಧಾನದ ವಿಷಯವೆಂದರೆ ಚಿಕ್ಕ ತೂತುಗಳು ಬಹುಪಾಲು ತಾವಾಗಿಯೇ ಕೂಡಿಕೊಳ್ಳುತ್ತವೆ. ಕೂಡದ್ದು ಅದಕ್ಕೂ ಒಳಗಿನದು. ಬಸವನಹುಳುವಿನ ಚಿಪ್ಪಿನಂತೆ ಸುರುಳಿ ಸುತ್ತಿದ ಒಳಗಿವಿಯಲ್ಲಿ ಸುಮಾರು 15,000 ರೋಮಕೋಶಗಳು ಬಿಳಿಜೋಳದ ಹೊಲದಂತೆ ಸಾಲುಗಟ್ಟಿ ನಿಂತಿರುತ್ತವೆ. ಸಣ್ಣ ಗಾಳಿಗೆ ಬಾಗಿ ಮತ್ತೆ ಏಳುತ್ತವೆ. ದೊಡ್ಡ ಹೊಡೆತಕ್ಕೆ, ಇಲ್ಲವೇ ವರ್ಷಗಟ್ಟಲೆ ಬಿದ್ದ ಹೊಡೆತಕ್ಕೆ ನೆಲ ಕಚ್ಚಿದವು ಏಳುವುದಿಲ್ಲ. ಜೋಳವನ್ನಾದರೂ ಮುಂದಿನ ಹಿಂಗಾರಿಗೆ ಮತ್ತೆ ಬಿತ್ತಬಹುದು, ಮನುಷ್ಯನ ರೋಮಕೋಶಕ್ಕೆ ಎರಡನೇ ಬಿತ್ತನೆ ಇಲ್ಲ.

ಕ್ವಾರಿಗಳಲ್ಲೂ ಎರಡು ಬಗೆಯವಿವೆ. ಜಲ್ಲಿ ಕ್ವಾರಿಗೆ ಕಲ್ಲು ಪುಡಿಯಾದಷ್ಟೂ ಲಾಭ, ಹಾಗಾಗಿ ಅಲ್ಲಿ ಬಾರು ಜೋರು. ಇಳಕಲ್ ಗ್ರಾನೈಟಿನ ಲೆಕ್ಕ ಉಲ್ಟಾ. ಬ್ಲಾಕಿನಲ್ಲಿ ಕೂದಲೆಳೆಯ ಬಿರುಕು ಬಿಟ್ಟರೂ ಬೆಲೆ ಬಿತ್ತು. ಆದ್ದರಿಂದ ಇಂಥ ಕಲ್ಲಿಗೆ ಮದ್ದು ಹದವಾಗಿ ಬಳಸುತ್ತಾರೆ. ಗೆರೆ ಹೊಡೆದಂತೆ ಸಾಲಾಗಿ ತೂತು ಕೊರೆದು, ವಜ್ರದ ತಂತಿಗರಗಸ ಹಾಕಿ ಬಿಡಿಸುತ್ತಾರೆ. ಕಲ್ಲಿನ ಮೇಲಿನ ಈ ಕಾಳಜಿ ಕಿವಿಗೂ ಒಳ್ಳೆಯದಾಯಿತಲ್ಲ ಎನ್ನಬೇಡಿ. ಕೈಯಲ್ಲಿ ಹಿಡಿದು ಕೊರೆಯುವ ಜಾಕ್‌ಹ್ಯಾಮರ್ 110 ಡೆಸಿಬಲ್ ಮುಟ್ಟುವುದು ಸಾಮಾನ್ಯ. ಬಾರು ದಿನಕ್ಕೊಮ್ಮೆ ಗುಡುಗಿ ಸುಮ್ಮನಾಗುತ್ತದೆ, ಡ್ರಿಲ್ ಬೆಳಗಿನಿಂದ ಸಂಜೆಯವರೆಗೆ ಬಿಡುವುದಿಲ್ಲ.

ಬಾದಾಮಿಯ ಮೂರನೇ ಗುಹೆಯಲ್ಲಿ ಕ್ರಿ.ಶ. 578ರ ಶಾಸನವಿದೆ. ಆ ಗುಹೆಗಳನ್ನು ಕಡಿದವರೂ ದಿನವಿಡೀ ಉಳಿ ಸುತ್ತಿಗೆಯ ಸದ್ದಿನಲ್ಲೇ ಇದ್ದವರು. ಆದರೆ ಅಲ್ಲಿಯದು ಮೆದುವಾದ ಮರಳುಗಲ್ಲು, ನಡೆಸುತ್ತಿದ್ದುದು ತೋಳಿನ ಬಲ. ಗಟ್ಟಿ ಗ್ರಾನೈಟು ಮತ್ತು ಕಂಪ್ರೆಸರ್ ಗಾಳಿ ಎದುರುಬದುರಾದದ್ದು ನಮ್ಮ ಕಾಲದಲ್ಲಿ.

ಸದ್ದು ತರುವ ಕಿವುಡು ಕಳ್ಳನಂತೆ ಬರುತ್ತದೆ. ಮೊದಲು ಹೋಗುವುದು 4000 ಹರ್ಟ್ಸ್ ಆಸುಪಾಸಿನ ಕೀರಲು ದನಿಗಳು. ಮಾತಿನಲ್ಲಿ ಸ, ಶ, ಚ, ತ ಮಸುಕಾಗುತ್ತವೆ, ಅ, ಆ, ಓ ನಿಚ್ಚಳವಾಗಿಯೇ ಇರುತ್ತವೆ. ‘ಕೇಳತೈತಿ, ಆದ್ರ ತಿಳಿಯಂಗಿಲ್ಲ’ ಎಂಬ ಮಾತಿನ ಅರ್ಥ ಇದೇ. ಲಾರಿ ಹಾರ್ನ್ ಕೇಳುತ್ತದೆ, ಮೊಮ್ಮಗಳ ಮಾತು ಹಿಡಿಯುವುದಿಲ್ಲ. ಮನೆಯವರು ‘ಬೇಕಾದ್ದಷ್ಟೇ ಕೇಳತೈತಿ’ ಎಂದು ಮುನಿಸಿಕೊಳ್ಳುತ್ತಾರೆ. ರಾತ್ರಿ ಊರೆಲ್ಲ ಮಲಗಿದ ಮೇಲೆ ಕಿವಿಯಲ್ಲಿ ಜೀರುಂಡೆ ಕೂತಂತೆ ಗುಂಯ್‌ಗುಡುವುದು ಇದರ ಜೊತೆಗಾರ.

ಇದು ಗುಡ್ಡದವರ ಪಾಡಷ್ಟೇ ಅಲ್ಲ. ಕುಣಿಮಗ್ಗದ ಲಯವನ್ನು ಕಿವಿ ತಾಳಿಕೊಂಡೀತು. ರಬಕವಿ–ಬನಹಟ್ಟಿಯಂಥ ಊರುಗಳಲ್ಲಿ ಒಂದೇ ಕೋಣೆಯಲ್ಲಿ ನಾಲ್ಕಾರು ವಿದ್ಯುತ್ ಮಗ್ಗ ಓಡಿದರೆ ಪಕ್ಕದವರ ಜೊತೆ ಸನ್ನೆಯಲ್ಲೇ ಮಾತು. ಇಂಗ್ಲೆಂಡಿನ ಲ್ಯಾಂಕಾಶೈರ್ ಗಿರಣಿಗಳಲ್ಲಿ ನೇಕಾರ ಹೆಂಗಸರು ತುಟಿ ಓದುವುದನ್ನೇ ಒಂದು ಭಾಷೆ ಮಾಡಿಕೊಂಡಿದ್ದರು. ಇನ್ನು ಬಾಗಲಕೋಟೆಯ ಹೋಳಿ! ಹಲಗೆಯ ಸದ್ದನ್ನು ದೂರಿದರೆ ಊರೇ ತಿರುಗಿಬಿದ್ದೀತು. ವರ್ಷಕ್ಕೆ ಕೆಲವೇ ದಿನದ ಹಲಗೆಯನ್ನು ಬೇಕಾದರೆ ಕ್ಷಮಿಸೋಣ. ವರ್ಷಪೂರ್ತಿ ಡ್ರಿಲ್ ಹಿಡಿದ ಕಿವಿಗೆ ಅದೂ ಒಂದು ಹೆಚ್ಚಿನ ಹೊರೆ ಎಂಬುದು ಮಾತ್ರ ಗೊತ್ತಿರಲಿ.

ಕಾನೂನು ಈ ವಿಷಯದಲ್ಲಿ ಕಣ್ಣು ಮುಚ್ಚಿಲ್ಲ. ಸದ್ದಿನಿಂದ ಬಂದ ಕಿವುಡು 1923ರ ಪರಿಹಾರ ಕಾಯ್ದೆಯ ಔದ್ಯೋಗಿಕ ರೋಗಗಳ ಪಟ್ಟಿಯಲ್ಲೂ 1948ರ ಕಾರ್ಖಾನೆ ಕಾಯ್ದೆಯ ಪಟ್ಟಿಯಲ್ಲೂ ಜಾಗ ಪಡೆದಿತ್ತು. ಕಾರ್ಖಾನೆ ನಿಯಮಗಳ ಲೆಕ್ಕದಲ್ಲಿ 90 ಡೆಸಿಬಲ್ ಸದ್ದಿನಲ್ಲಿ ದಿನಕ್ಕೆ ಎಂಟು ಗಂಟೆ ಇರಬಹುದು, 115 ಆದರೆ ಕಾಲು ಗಂಟೆ. ತೊಡಕಿರುವುದು ಸಾಬೀತು ಮಾಡುವಲ್ಲಿ. ಕೆಲಸಕ್ಕೆ ಸೇರುವಾಗ ಕಿವಿ ಪರೀಕ್ಷೆ ಆಗಿರದಿದ್ದರೆ, ಕೆಡಿಸಿದ್ದು ಕ್ವಾರಿಯೋ ವಯಸ್ಸೋ ಎಂದು ಯಾರು ಹೇಳಬೇಕು? ಗುತ್ತಿಗೆಯ ಕೆಳಗೆ ಒಳಗುತ್ತಿಗೆ ಇರುವಲ್ಲಿ ಕೇಳುವುದಾದರೂ ಯಾರನ್ನು? 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪ್ರಕಾರ ಎರಡೂ ಕಿವಿಯಲ್ಲಿ 60 ಡೆಸಿಬಲ್ ನಷ್ಟವಾದರೆ ಶ್ರವಣದೋಷ, 70 ಆದರೆ ಕಿವುಡು. 45 ಡೆಸಿಬಲ್ ಕಳೆದುಕೊಂಡವನು ಸಂತೆಯಲ್ಲಿ ಚೌಕಾಸಿ ಮಾಡಲು ಪರದಾಡುತ್ತಾನೆ, ಕಾಗದದ ಮೇಲೆ ಅವನಿಗೆ ಏನೂ ಆಗಿಲ್ಲ. ಇದು ಅನ್ಯಾಯವೇ.

ಕಿವಿಗೆ ತುರುಕುವ ಹತ್ತಿ, ತಲೆಗೆ ಸುತ್ತುವ ಟವೆಲ್ ನಂಬುವಂಥವಲ್ಲ. ಕೆಲವೇ ರೂಪಾಯಿಗೆ ಸಿಗುವ ಫೋಮ್ ಪ್ಲಗ್ಗನ್ನು ಹೊಸೆದು ಸರಿಯಾಗಿ ಕೂರಿಸಿದರೆ 20 ಡೆಸಿಬಲ್‌ಗೂ ಹೆಚ್ಚು ತಗ್ಗೀತು. ಡ್ರಿಲ್ ಹಿಡಿಯುವವರು ಅದರ ಮೇಲೆ ಇಯರ್‌ಮಫ್ ಕೂಡ ಹಾಕಬೇಕು. ಸ್ಫೋಟದ ನಂತರ ಕಿವಿ ಮುಚ್ಚಿದಂತಾಗಿದ್ದರೆ, ರಕ್ತ ಬಂದಿದ್ದರೆ, ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ಮಾತ್ರ ಬಿಡಬೇಡಿ. ಹರಿದ ತಮಟೆಯ ಮೂಲಕ ಅದು ನಡುಗಿವಿಗೆ ಇಳಿದು ಕೀವಾಗುತ್ತದೆ. ನೀರೂ ತಾಗದಿರಲಿ. ಒಂದೆರಡು ದಿನದೊಳಗೆ ಕಿವಿ ವೈದ್ಯರ ಬಳಿ ಹೋಗಿ, ಕೆಲವು ಬಗೆಯ ಚಿಕಿತ್ಸೆ ಬೇಗ ಶುರುವಾದರಷ್ಟೇ ಫಲ.

ಬಾಗಲಕೋಟೆ ನವನಗರದಲ್ಲಿ ಜಿಲ್ಲಾಸ್ಪತ್ರೆಯೂ ಇದೆ, ವೈದ್ಯಕೀಯ ಕಾಲೇಜಿನ ಆಸ್ಪತ್ರೆಯೂ ಇದೆ. ಹೆಚ್ಚಿನ ತಪಾಸಣೆಗೆ ಮೈಸೂರಿನಲ್ಲಿ 1965ರಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಆಡಿಯೋಗ್ರಾಂಗೆ ಅರ್ಧ ಗಂಟೆ ಸಾಕು, ನೋವಿಲ್ಲ. ಒಂದೇ ಶರತ್ತು, ಪರೀಕ್ಷೆಯ ಹಿಂದಿನ ಸಂಜೆಯಿಂದ ಕ್ವಾರಿಗಾಗಲಿ ಮಗ್ಗದ ಮನೆಗಾಗಲಿ ಹೋಗಬಾರದು.