ಮಳೆಗಾಲದಲ್ಲಿ ಕೋಳಿಯ ಸಂಸಾರ

ಮೃಗಶಿರಾ ಮಳೆ ಹಿಡಿಯಿತೆಂದರೆ ಮಲೆನಾಡಿನ ಅಂಗಳದ ಚಿತ್ರವೇ ಬದಲಾಗುತ್ತದೆ. ದನಗಳು ಕೊಟ್ಟಿಗೆ ಸೇರುತ್ತವೆ. ನಾಯಿ ಜಗಲಿಯ ಮೂಲೆಯಲ್ಲಿ ಮುದುರಿಕೊಳ್ಳುತ್ತದೆ. ಕೋಳಿ ಮಾತ್ರ ತುಂತುರಿನಲ್ಲಿಯೂ ಗೊಬ್ಬರದ ಗುಂಡಿಯ ಅಂಚನ್ನು ಕೆದಕುತ್ತಲೇ ಇರುತ್ತದೆ. ಪಟ್ಟಣದಿಂದ ಬಂದ ನೆಂಟರು ಅದರ ಮಂದಬುದ್ಧಿಗೆ ನಗುವುದುಂಟು. ಆದರೆ ಕೋಳಿಗೆ ಅದರದೇ ಆದ ಲೆಕ್ಕಾಚಾರವಿದೆ.

ನೆಲ ನೆನೆದು ಮೆದುವಾದಾಗ ಎರೆಹುಳುಗಳು ಮೇಲಕ್ಕೆ ಬರುತ್ತವೆ. ಗೆದ್ದಲುಗಳು ರೆಕ್ಕೆ ಮೂಡಿ ಹಾರುತ್ತವೆ. ಬೇಸಗೆಯ ಒಣನೆಲವನ್ನು ಕೆದಕಿ ಬೇಸತ್ತ ಕೋಳಿಗೆ ಇದು ಹಬ್ಬದೂಟ. ತುಂತುರಿಗೆ ಅದು ಅಂಜಬೇಕಾಗಿಯೂ ಇಲ್ಲ. ಬಾಲದ ಬುಡದ ಗ್ರಂಥಿಯಿಂದ ಎಣ್ಣೆಯನ್ನು ಕೊಕ್ಕಿನಲ್ಲಿ ತೆಗೆದು ಗರಿಗಳಿಗೆ ಸವರಿಕೊಂಡಿರುತ್ತದೆ. ಹೊರಗರಿಗಳು ಹೆಂಚಿನ ಮಾಡಿನಂತೆ ಒಂದರ ಮೇಲೊಂದು ಹೊದ್ದಿರುವುದರಿಂದ ಹನಿಗಳು ಜಾರಿಹೋಗುತ್ತವೆ. ಒಳಗಿನ ತುಪ್ಪುಳು ಸುಮಾರು 41 ಡಿಗ್ರಿ ಸೆಲ್ಸಿಯಸ್ಸಿನ ಮೈಬಿಸಿಯನ್ನು ಕಾಪಾಡುತ್ತದೆ. ಆದರೆ ಈ ಗರಿಗಳು ಬಾತುಕೋಳಿಯ ಗರಿಗಳಂತೆ ನೀರನ್ನು ಪೂರ್ತಿ ತಡೆಯಲಾರವು. ಆದ್ದರಿಂದ ಮಳೆ ಬಿರುಸಾದೊಡನೆ ಕೋಳಿ ಸೂರಿನಡಿಗೋ ಪೊದೆಯಡಿಗೋ ಓಡುತ್ತದೆ. ಆಸರೆ ದೂರವಿದ್ದರೆ ಕತ್ತನ್ನು ಒಳಕ್ಕೆಳೆದು, ಎದೆಯನ್ನೆತ್ತಿ, ಬಾಲವನ್ನು ಇಳಿಬಿಟ್ಟು ನಿಂತುಬಿಡುತ್ತದೆ. ನೋಡುವವರಿಗೆ ಅದು ದೈನ್ಯದ ಮೂರ್ತಿಯಂತೆ ಕಂಡರೂ, ನೀರು ಬೆನ್ನಿನಿಂದ ಬಾಲದತ್ತ ಹರಿದುಹೋಗಲು ಅದೇ ತಕ್ಕ ನಿಲುವು.

ಗುಡುಗಿನ ಮುನ್ಸೂಚನೆ

ಏಪ್ರಿಲ್-ಮೇ ತಿಂಗಳುಗಳ ಗುಡುಗುಮಳೆಯ ಮಾತೇ ಬೇರೆ. ನಡುಹಗಲಿನಲ್ಲಿ ಕಾರ್ಮೋಡ ಕವಿದರೆ, ಬೆಳಕನ್ನೇ ಗಡಿಯಾರವಾಗಿ ಉಳ್ಳ ಕೋಳಿಗಳು ಸಂಜೆಯಾಯಿತೆಂದು ಬಗೆದು ಗೂಡಿನತ್ತ ಸಾಲುಗಟ್ಟುತ್ತವೆ. ಕತ್ತಲಲ್ಲಿ ಅವುಗಳ ಕಣ್ಣು ಚೆನ್ನಾಗಿ ಕಾಣದಾದ್ದರಿಂದ ಈ ಅವಸರ ವಿವೇಕವೇ ಸರಿ.

ಬಿರುಗಾಳಿಯ ಸುಳಿವು ಅವಕ್ಕೆ ಮೊದಲೇ ಸಿಗುವುದೆ? ಹಕ್ಕಿಗಳ ನಡುಗಿವಿಯಲ್ಲಿರುವ ಪುಟ್ಟ ಅಂಗವೊಂದನ್ನು ಇಟಲಿಯ ಜಿಯೋವಾನಿ ವಿಟಾಲಿ 1911ರಲ್ಲಿ ವರ್ಣಿಸಿದನು. ಗಾಳಿಯ ಒತ್ತಡದ ಏರಿಳಿತವನ್ನು ಅರಿಯುವ ಸಾಧನ ಅದಾಗಿರಬಹುದೆಂದು ವಿಜ್ಞಾನಿಗಳು ಊಹಿಸುತ್ತಾರೆ. ಮನುಷ್ಯನ ಕಿವಿಗೆ ಸಾಮಾನ್ಯವಾಗಿ 20 ಹರ್ಟ್ಸ್‌ಗಿಂತ ಕೆಳಗಿನ ನಾದ ಕೇಳಿಸದು. ಕೋಳಿಯಾದರೋ ಅದಕ್ಕಿಂತ ಎಷ್ಟೋ ಕೆಳಗಿನ ಸದ್ದನ್ನೂ, ಅದು ಬಲವಾಗಿದ್ದರೆ, ಕೇಳಬಲ್ಲದೆಂದು 2014ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಗುಡುಗಿನಲ್ಲಿ ಇಂತಹ ಕೆಳನಾದವೂ ಬೆರೆತಿರುತ್ತದೆ.

ತಾಯಿಯ ರೆಕ್ಕೆ

ಮಳೆಯಲ್ಲಿ ನಿಜವಾದ ಅಪಾಯವಿರುವುದು ಮರಿಗಳಿಗೆ. ಅವುಗಳ ಮೈಮೇಲಿರುವುದು ಬರಿಯ ತುಪ್ಪುಳು. ಅದು ನೆನೆದರೆ ಮೈಗೆ ಅಂಟಿಕೊಂಡು ಬಿಸಿ ನಿಲ್ಲದು. ಮೊದಲ ವಾರದ ಮರಿಗೆ ಸುಮಾರು 35 ಡಿಗ್ರಿಗಳ ಬೆಚ್ಚನೆಯ ಆಸರೆ ಬೇಕು. ಮೋಡ ಗುಡುಗಿದೊಡನೆ ಹೇಂಟೆ ಗಂಟಲಿನಲ್ಲಿ ತಗ್ಗಿದ ದನಿಯಿಂದ ಕರೆದು, ರೆಕ್ಕೆಗಳನ್ನು ಕೊಂಚ ಅಗಲಿಸಿ ಕುಳಿತುಕೊಳ್ಳುತ್ತದೆ. ಹತ್ತು ಮರಿಗಳು ಕ್ಷಣಮಾತ್ರದಲ್ಲಿ ಮಾಯವಾಗುತ್ತವೆ. ಗರಿಗಳ ನಡುವಿನಿಂದ ಒಂದೆರಡು ಕೊಕ್ಕುಗಳಷ್ಟೇ ಇಣುಕುತ್ತವೆ. ತನ್ನ ಬೆನ್ನು ತೊಯ್ದರೂ ತಾಯಿ ಕದಲದು. ಆದರೆ ಅಂಗಳದಲ್ಲಿ ನೀರು ಹರಿಯತೊಡಗಿದರೆ ಆ ರೆಕ್ಕೆಯೂ ಸಾಲದು. ಆಗ ಮರಿಗಳನ್ನು ತಾಯಿಯೊಡನೆ ಒಣಜಾಗಕ್ಕೆ ಸೇರಿಸುವುದು ಮನೆಯವರ ಕೆಲಸ. ಸುಮಾರು ಆರು ವಾರಗಳಲ್ಲಿ ಗರಿ ಮೂಡಿದ ಮೇಲೆ ಈ ಚಿಂತೆ ಕಡಮೆಯಾಗುತ್ತದೆ.

ತೇವವೇ ಶತ್ರು

ದೊಡ್ಡ ಕೋಳಿಗೆ ಸುರಿಯುವ ಮಳೆಗಿಂತ ಗೂಡಿನ ತೇವವೇ ಹೆಚ್ಚು ಹಾನಿಕರ. ಹಿಕ್ಕೆಯಲ್ಲಿ ಹೊರಬರುವ ಕಾಕ್ಸಿಡಿಯಾ ಎಂಬ ಸೂಕ್ಷ್ಮಜೀವಿಯ ಕೋಶಗಳು ಬೆಚ್ಚಗಿನ ತೇವದಲ್ಲಿ ಒಂದೆರಡು ದಿನಗಳಲ್ಲಿಯೇ ರೋಗ ಹರಡುವಷ್ಟು ಬಲಿಯುತ್ತವೆ. ಮರಿಗಳು ಗರಿ ಕೆದರಿಕೊಂಡು ಮಂಕಾಗಿ, ರಕ್ತಮಿಶ್ರಿತವಾಗಿ ಹಿಕ್ಕೆ ಹಾಕಿದರೆ ಪಶುವೈದ್ಯರನ್ನು ಕಾಣಲು ತಡಮಾಡಬಾರದು. ಒದ್ದೆಯಾದ ಹಿಕ್ಕೆಯಿಂದೇಳುವ ಅಮೋನಿಯದ ಘಾಟು ಕಣ್ಣಿಗೂ ಶ್ವಾಸಕ್ಕೂ ಕೇಡು. ಗೂಡು ನೆಲದಿಂದ ಎತ್ತರದಲ್ಲಿರಲಿ. ಭತ್ತದ ಹೊಟ್ಟನ್ನು ಹರಡಿ, ನೆನೆದ ಭಾಗವನ್ನು ಆಗಿಂದಾಗ್ಗೆ ತೆಗೆಯಬೇಕು. ಎರಚಲು ತಡೆಯಬೇಕೆಂದು ಕಿಂಡಿಗಳನ್ನೆಲ್ಲ ಮುಚ್ಚಿದರೆ ತೇವ ಒಳಗೇ ಉಳಿಯುತ್ತದೆ. ಗಾಳಿ ಕೋಳಿಯ ಮೈಮೇಲೆ ಬೀಸದಂತೆ ಮೇಲ್ಭಾಗದ ಕಿಂಡಿ ತೆರೆದಿರಬೇಕು. ಪಟ್ಟಣದ ಹಿತ್ತಿಲಿನಲ್ಲಿ ನಾಲ್ಕೈದು ಕೋಳಿ ಸಾಕುವವರಿಗೂ ಈ ಮಾತು ಅನ್ವಯಿಸುತ್ತದೆ.

ಹಳ್ಳಿಯ ಎಷ್ಟೋ ಮನೆಗಳಲ್ಲಿ ಮೊಟ್ಟೆ ಮಾರಿ ಬಂದ ಹಣವೇ ಗೃಹಿಣಿಯ ಸ್ವಂತ ಗಂಟು. ಮಕ್ಕಳ ಪುಸ್ತಕವೋ ಔಷಧಿಯ ಸೀಸೆಯೋ ಅದರಿಂದಲೇ ಬರುತ್ತದೆ. ಮಳೆಯನ್ನು ಎದುರಿಸುವ ಜಾಣ್ಮೆ ಕೋಳಿಗೆ ಹುಟ್ಟಿನಿಂದಲೇ ಬಂದಿದೆ. ಕಾಲಡಿಯ ನೆಲವನ್ನು ಒಣಗಿಸಿಕೊಳ್ಳುವ ಶಕ್ತಿ ಮಾತ್ರ ಅದಕ್ಕಿಲ್ಲ. ಒಂದು ಬುಟ್ಟಿ ಹೊಟ್ಟು ಆ ಕೊರತೆಯನ್ನು ತುಂಬಬಲ್ಲದು.